ಶೂರಪ್ಪನ ಐವತ್ತೆರಡು ಕಾದಂಬರಿಗಳು

ಶೂರಪ್ಪನಿಗೆ ಆ ಹೆಸರು ಇಟ್ಟವನು ಅವನ ಹೆಂಡತಿಯ ತಮ್ಮ. ಅವನು ಇಟ್ಟದ್ದು ‘ಆರಂಭಶೂರ’ ಎಂದು. ಬಳಸಿ ಬಳಸಿ ಆರಂಭ ಉದುರಿಹೋಗಿ ಶೂರ ಮಾತ್ರ ಉಳಿಯಿತು. ಅದಕ್ಕೆ ನೆರೆಹೊರೆಯವರು ಮರ್ಯಾದೆಗೆಂದು ಒಂದು ಅಪ್ಪನನ್ನು ಅಂಟಿಸಿದರು. ಹೊಸದಾಗಿ ಪರಿಚಯವಾದವರು ಈತ ಹಿಂದೆ ಸೈನ್ಯದಲ್ಲಿದ್ದಿರಬೇಕು ಎಂದುಕೊಂಡು ಸ್ವಲ್ಪ ದೂರ ಸರಿದೇ ನಿಲ್ಲುತ್ತಿದ್ದರು. ನಿಜಕ್ಕೂ ಅವನಿದ್ದದ್ದು ತೂಕ ಮತ್ತು ಅಳತೆ ಇಲಾಖೆಯಲ್ಲಿ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಅದಕ್ಕೊಂದು ಸೀಸದ ಮುದ್ರೆ ಒತ್ತುವುದು ಅವನ ಕೆಲಸ. ಹದಿನಾಲ್ಕು ವರ್ಷದಲ್ಲಿ ಅವನು ಒತ್ತಿದ ಮುದ್ರೆ ಒಂದೂ ಸುಳ್ಳಾಗಿರಲಿಲ್ಲ. ಮನೆಯಲ್ಲಿ ಮಾತ್ರ ಅವನು ಕೈಹಾಕಿದ್ದು ಒಂದೂ ದಡ ಮುಟ್ಟಿರಲಿಲ್ಲ. ಅರ್ಧ ಬಣ್ಣ ಬಳಿದ ಕಪಾಟು, ಮೂರು ತಂತಿಯ ಗಿಟಾರು, ಒಂದು ತೋಳಿನ ಸ್ವೆಟರು, ಇವೆಲ್ಲ ಅದಕ್ಕೆ ಸಾಕ್ಷಿಯಾಗಿ ಮೂಲೆ ಮೂಲೆಯಲ್ಲಿ ಕೂತಿದ್ದವು.

ಇಂಥವನು ಕಾದಂಬರಿ ಓದಲು ಹೊರಟದ್ದಕ್ಕೆ ಬಿಸಿಲೇ ಕಾರಣ. ತಕ್ಕಡಿ ಪರೀಕ್ಷೆಗೆಂದು ಬೀದಿ ಸುತ್ತುತ್ತಿದ್ದವನು ಧಗೆ ತಾಳಲಾರದೆ ಲೈಬ್ರರಿಗೆ ನುಗ್ಗಿದ. ಫ್ಯಾನಿನ ಕೆಳಗೆ ಸುಮ್ಮನೆ ಕೂತರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂದು ಹತ್ತಿರದ ಕಪಾಟಿನಿಂದ ಒಂದು ಪುಸ್ತಕ ಎಳೆದ. ಅದನ್ನು ಕಂಡ ಲೈಬ್ರರಿಯ ಮೇಡಂ ಮೇಜು ಬಿಟ್ಟು ಎದ್ದು ಬಂದರು.

“ಸರ್, ಈ ಕಪಾಟನ್ನ ಇಪ್ಪತ್ತೆರಡು ವರ್ಷದಿಂದ ಯಾರೂ ಮುಟ್ಟಿಲ್ಲ. ಎಲ್ಲಾ ಪ್ರಶಸ್ತಿ ಬಂದಿರೋ ವಿಜ್ಞಾನ ಕಾದಂಬರಿಗಳು. ಬೇರೆ ಬೇರೆ ದೇಶದ್ದು, ನಮ್ಮ ಭಾಷೆಗೆ ಅನುವಾದ ಆಗಿರೋದು. ಒಟ್ಟು ಐವತ್ತೆರಡಿದೆ.”

ವರ್ಷಕ್ಕೂ ಐವತ್ತೆರಡೇ ವಾರ. ಅಳತೆ ಇಲಾಖೆಯವನಿಗೆ ಲೆಕ್ಕ ಹೀಗೆ ತಾನಾಗಿ ಕೂಡಿಬಂದರೆ ತಡೆದುಕೊಳ್ಳುವುದು ಕಷ್ಟ. “ಎಲ್ಲಾ ಓದ್ತೀನಿ” ಎಂದುಬಿಟ್ಟ. ಮೇಡಂ ಅವನಿಗೆ ಐವತ್ತೆರಡರ ಪಟ್ಟಿಯನ್ನೂ ಮೊದಲನೆಯ ಪುಸ್ತಕವನ್ನೂ ಕೊಟ್ಟರು. ಪುಸ್ತಕದ ರಟ್ಟು, ಮೊದಲ ಹಾಳೆಗಳು ಎಂದೋ ಕಿತ್ತುಹೋಗಿ, ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿದ್ದರು.

ಆ ಭಾನುವಾರ ಹೆಂಡತಿಯ ತಮ್ಮ ಊಟಕ್ಕೆ ಬಂದ. ಮೂಲೆಯ ಸ್ವೆಟರನ್ನು ನೋಡುತ್ತ ಕೇಳಿದ:

“ಏನ್ ಭಾವ, ಈಗ ಯಾವುದು?”

“ಓದು. ಪ್ರಶಸ್ತಿ ಬಂದಿರೋ ವಿಜ್ಞಾನ ಕಾದಂಬರಿ ಅಷ್ಟೂ ಓದ್ತೀನಿ.”

“ಮೊದಲನೇದು ಮುಗೀತಾ?”

“ಶುರು ಮಾಡಿದೀನಿ.”

“ಅದು ಗೊತ್ತು ಭಾವ” ಎಂದು ಅವನು ಕೈ ತೊಳೆಯಲು ಎದ್ದ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಮರುದಿನ ಹೆಂಡತಿ ದಿಂಬಿನ ಕವರು ಹೊಲಿಸಲು ಕೆಳಮನೆಯ ಟೈಲರಕ್ಕನ ಹತ್ತಿರ ಹೋದಳು. “ನಮ್ಮನೆಯವರು ಪ್ರಶಸ್ತಿ ಬಂದಿರೋ ಕಾದಂಬರಿ ಓದ್ತಾ ಇದಾರೆ. ಕೂಗಿದ್ರೂ ಕಿವಿಗೆ ಬೀಳಲ್ಲ” ಎಂದಳು. ಟೈಲರಕ್ಕನ ಮಷಿನ್ನು ಹಳೆಯದು. ಓಡಿದಾಗ ಬೀದಿಯ ನಾಯಿಗಳು ಎದ್ದು ಕೂರುತ್ತವೆ. ಅದು ಸರಿಯಾಗಿ ‘ಓದ್ತಾ’ ಎಂಬಲ್ಲಿಗೆ ಓಡಿತು. ಅಕ್ಕನ ಕಿವಿಗೆ ಬಿದ್ದದ್ದು ನಮ್ಮನೆಯವರು, ಪ್ರಶಸ್ತಿ ಬಂದಿರೋ, ಕಾದಂಬರಿ, ಇಷ್ಟೇ. ನಡುವೆ ಹರಿದಿದ್ದಕ್ಕೆ ಅವಳೇ ತೇಪೆ ಹಾಕಿಕೊಂಡಳು. ತೇಪೆ ಹಾಕುವುದೇ ಅವಳ ಕಸುಬು, ಹೊಲಿಗೆ ಕಾಣದ ಹಾಗೆ ಹಾಕುತ್ತಿದ್ದಳು.

ಸಂಜೆ ಶೂರಪ್ಪ ಮೆಟ್ಟಿಲು ಹತ್ತುವಾಗ ಅವಳು ಬಾಗಿಲಿಗೆ ಬಂದು ನಿಂತಳು.

“ಏನ್ ಸರ್, ಕಾದಂಬರಿಯಂತೆ. ನಮಗೆಲ್ಲ ಹೇಳಲೇ ಇಲ್ಲ.”

ಶೂರಪ್ಪ ನಾಚಿದ. “ಹೇಳೋದೇನಿದೆ ಅಕ್ಕ. ಏನೋ ಬಿಡುವಿದ್ದಾಗ.”

“ಪ್ರಶಸ್ತಿ ಬಂದಿದ್ಯಂತೆ.”

“ಪ್ರಶಸ್ತಿ ಬರದೇ ಇರೋದಕ್ಕೆ ನಾನು ಕೈಹಾಕೋದೇ ಇಲ್ಲ.”

ಟೈಲರಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. “ಇದೊಂದೇನಾ, ಇನ್ನೂ ಇದ್ಯಾ?”

“ಐವತ್ತೆರಡು. ವಾರಕ್ಕೊಂದು ಮುಗಿಸ್ಬೇಕು ಅಂತಿದೀನಿ.”

“ವಾರಕ್ಕೊಂದಾ. ಕೈ ನೋಯಲ್ವಾ ಸರ್?”

“ಮಲಗಿಕೊಂಡ್ರೆ ಸ್ವಲ್ಪ ನೋಯುತ್ತೆ. ಕೆಳಗೊಂದು ದಿಂಬು ಇಟ್ಕೊಂಡ್ರೆ ಪರವಾಗಿಲ್ಲ.”

ದಿಂಬಿನ ಕವರು ಯಾಕೆಂದು ಟೈಲರಕ್ಕನಿಗೆ ಆಗ ಹೊಳೆಯಿತು. ಅದನ್ನು ಎರಡು ಸುತ್ತು ಹೆಚ್ಚಿಗೆ ಹೊಲಿದು ಗಟ್ಟಿ ಮಾಡಿ ಕಳಿಸಿದಳು. ಸುದ್ದಿಯನ್ನೂ ಹಾಗೇ ಗಟ್ಟಿ ಮಾಡಿ ಬೀದಿಗೆ ಕಳಿಸಿದಳು.

ಮೊದಲು ಬಂದವರು ಮನೆ ಓನರು. ಅವರದು ದೊಡ್ಡ ಶರೀರ, ಸಣ್ಣ ಬಾಯಿ. ತಾರಸಿಯ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಬಾಡಿಗೆಯವರು ಮೇಲೆ ಹೋದರೆ ತಾರಸಿ ಸವೆಯುತ್ತದೆ ಎಂಬುದು ಅವರ ಸಿದ್ಧಾಂತ. ಆರು ಮನೆಯ ಬಟ್ಟೆಗಳು ಆರು ವರ್ಷದಿಂದ ಕಿಟಕಿಯ ಸರಳಿನಲ್ಲೇ ಒಣಗುತ್ತಿದ್ದವು.

“ಕಾದಂಬರಿ ವಿಷಯ ಕೇಳಿದೆ. ಅದರಲ್ಲಿ ಏನಿದೆ?” ಎಂದರು ಓನರು.

ಯಾರೋ ಒಬ್ಬರು ಕೇಳಿದರಲ್ಲ ಎಂದು ಶೂರಪ್ಪನಿಗೆ ಹಿಗ್ಗಾಯಿತು. “ಚಂದ್ರನ ಮೇಲೆ ನೆಲದೊಳಗೆ ಒಂದು ಊರು ಸರ್. ಆಕಾಶ ನೋಡೋಕೆ ಇಡೀ ಊರಿಗೆ ಒಂದೇ ಕಿಟಕಿ. ಅದಕ್ಕೂ ಬೀಗ. ಬೀಗದ ಕೈ ಒಬ್ಬ ಇಟ್ಕೊಂಡಿರ್ತಾನೆ, ಯಾರಿಗೂ ಕೊಡಲ್ಲ.”

“ಒಬ್ಬ ಅಂದ್ರೆ, ಹೇಗಿರ್ತಾನೆ?”

“ದಪ್ಪಗೆ. ಬೀಗದ ಕೈಯನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡಿರ್ತಾನೆ.”

ಓನರ ಕೈ ತಾನಾಗಿ ಸೊಂಟಕ್ಕೆ ಹೋಯಿತು. “ಅವನಿಗೆ ಕೊನೆಗೆ ಏನಾಗುತ್ತೆ?”

“ಅಲ್ಲಿಗೆ ನಾನಿನ್ನೂ ಬಂದಿಲ್ಲ ಸರ್” ಎಂದ ಶೂರಪ್ಪ, ಪ್ರಾಮಾಣಿಕವಾಗಿ.

ಮರುದಿನ ಬೆಳಿಗ್ಗೆ ತಾರಸಿಯ ಬಾಗಿಲು ಹಾರುಹೊಡೆದಿತ್ತು. ಬೀಗದ ಕೈ ಮೆಟ್ಟಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಮಧ್ಯಾಹ್ನದೊಳಗೆ ಆರು ಮನೆಯ ಹಾಸಿಗೆ ಹೊದಿಕೆಗಳು ಮೇಲೆ ಬಾವುಟದಂತೆ ಹಾರಾಡಿದವು. ಸಾಹಿತ್ಯದಿಂದ ಸಮಾಜಕ್ಕೆ ಏನು ಪ್ರಯೋಜನ ಎಂದು ಕೇಳುವವರು ಆ ದಿನ ಆ ತಾರಸಿಯನ್ನು ನೋಡಬೇಕಿತ್ತು.

ಬೀದಿಯ ದಿನಸಿ ಅಂಗಡಿಯವನು ಇನ್ನೂ ಜಾಣ. ತಕ್ಕಡಿ ಮುದ್ರೆಯವನು ಕಾದಂಬರಿ ಬರೆದರೆ ಅದರಲ್ಲಿ ಯಾರು ಬರುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನ್ನ ತಕ್ಕಡಿಯನ್ನು ತಾನೇ ಹೆಗಲ ಮೇಲೆ ಹೊತ್ತು ಕಚೇರಿಗೆ ತಂದ. “ಸ್ವಲ್ಪ ಒಂದು ಕಡೆ ವಾಲ್ತಿತ್ತು ಸರ್. ನಾನೇ ಹಿಡಿದೆ. ಬರೆಯೋದಾದ್ರೆ, ನಾನೇ ಹಿಡಿದೆ ಅಂತ ಬರೀರಿ” ಎಂದ. ವರದಿಯಲ್ಲಿ ಹಾಗೇ ಬರೆಯುವುದಾಗಿ ಶೂರಪ್ಪ ಮಾತು ಕೊಟ್ಟ.

ಅಂಗಡಿಯವನು ಹೋದ ಮೇಲೆ ಸಾಹೇಬರಿಂದ ಕರೆ ಬಂತು.

ಸಾಹೇಬರು ಇಲಾಖೆಯ ಮುಖ್ಯಸ್ಥರು. ಮಹಡಿಯ ಕೋಣೆ ಬಿಟ್ಟು ಕೆಳಗೆ ಬರುವುದು ಅವರಿಗೆ ಒಗ್ಗದು. ರಜೆಯ ಅರ್ಜಿ ಕಂಡರೆ ಅವರಿಗೆ ತಮ್ಮ ಕಿಡ್ನಿ ಕೇಳಿದಂತಾಗುತ್ತಿತ್ತು. ಶೂರಪ್ಪನ ಅರ್ಜಿ ಎಂಟು ತಿಂಗಳಿಂದ ಅವರ ಮೇಜಿನ ಮೇಲೆ ಚಹಾ ಲೋಟದ ಕೆಳಗಿತ್ತು.

“ಕೂತ್ಕೊಳ್ಳಿ” ಎಂದರು ಸಾಹೇಬರು. ಹದಿನಾಲ್ಕು ವರ್ಷದಲ್ಲಿ ಅವರು ಹಾಗೆಂದದ್ದು ಅದೇ ಮೊದಲು. ಶೂರಪ್ಪ ತನ್ನ ಹಿಂದೆ ಬೇರೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದ. “ನಿಮಗೇ. ಕೂತ್ಕೊಳ್ಳಿ. ನಿಮ್ಮ ಕಾದಂಬರಿಯಲ್ಲಿ ನಮ್ಮ ಇಲಾಖೆ ವಿಷಯ ಏನಾದ್ರೂ ಬರುತ್ತಾ?”

ಶೂರಪ್ಪ ಯೋಚಿಸಿದ. “ತೂಕದ ವಿಷಯ ಬರುತ್ತೆ ಸರ್. ಅಲ್ಲಿ ತೂಕಾನೇ ಇಲ್ಲ.”

“ಇಲ್ಲ ಅಂದ್ರೆ?”

“ಯಾರಿಗೂ ಇಲ್ಲ ಸರ್. ಎಲ್ಲರೂ ಸುಮ್ಮನೆ ತೇಲ್ತಿರ್ತಾರೆ. ಯಾರ ಕಾಲೂ ನೆಲದ ಮೇಲಿಲ್ಲ.”

ಚಂದ್ರನ ಮೇಲೆ ಸ್ವಲ್ಪವಾದರೂ ತೂಕ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಕಾದಂಬರಿ ಬರೆದವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾಹೇಬರ ಮುಖ ಮಾತ್ರ ಬಿಳಿಚಿತು.

“ಮತ್ತೆ, ಮೇಲಧಿಕಾರಿ ಅಂತ ಯಾರಾದ್ರೂ?”

“ಇದಾನೆ ಸರ್. ಅವನು ಎಲ್ಲರಿಗಿಂತ ಮೇಲೆ ತೇಲ್ತಿರ್ತಾನೆ. ಕೆಳಗೆ ಬರೋದು ಹೇಗೆ ಅಂತ ಅವನಿಗೇ ಗೊತ್ತಿಲ್ಲ.”

“ಕೊನೆಗೆ?”

“ಅಲ್ಲಿಗೆ ನಾನಿನ್ನೂ ಬಂದಿಲ್ಲ ಸರ್. ಟೈಮೇ ಸಿಗ್ತಿಲ್ಲ.”

ಮುಗಿಯದ ಕಾದಂಬರಿಗೆ ಪ್ರಶಸ್ತಿ ಹೇಗೆ ಬಂತೆಂದು ಸಾಹೇಬರು ಕೇಳಲಿಲ್ಲ. ಅರ್ಧ ಕಟ್ಟಿದ ಸೇತುವೆ ಉದ್ಘಾಟನೆಯಾದದ್ದನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿದ್ದರು. ಅವರಿಗೆ ಹೊಳೆದದ್ದು ಒಂದೇ: ಕೊನೆ ಇನ್ನೂ ಬರೆದಿಲ್ಲ, ಅಂದರೆ ಇನ್ನೂ ಕಾಲ ಮಿಂಚಿಲ್ಲ. ಚಹಾ ಲೋಟ ಎತ್ತಿ ಅರ್ಜಿಗೆ ಸಹಿ ಹಾಕಿದರು. ಶೂರಪ್ಪ ಕೇಳಿದ್ದು ನಾಲ್ಕು ದಿನ, ಅವರು ಕೊಟ್ಟದ್ದು ಹತ್ತು. “ನಿಧಾನವಾಗಿ ಮುಗಿಸಿ. ಆ ಮೇಲಧಿಕಾರಿಗೂ ಮನೆ ಮಠ, ಹೆಂಡತಿ ಮಕ್ಕಳು ಇರ್ತಾರೆ ಅನ್ನೋದು ಮನಸ್ಸಿನಲ್ಲಿರಲಿ. ಶನಿವಾರ ನಮ್ಮ ಸಭಾಂಗಣದಲ್ಲಿ ನಿಮಗೊಂದು ಸನ್ಮಾನ ಇಟ್ಕೊಂಡಿದೀನಿ” ಎಂದರು.

ಶೂರಪ್ಪ ಗಾಳಿಯಲ್ಲಿ ನಡೆಯುತ್ತ ಮನೆಗೆ ಬಂದ. “ನೋಡೇ, ಓದೋರಿಗೆ ಜನ ಇಷ್ಟು ಮರ್ಯಾದೆ ಕೊಡ್ತಾರೆ ಅಂತ ಗೊತ್ತಿದ್ರೆ ನಾನು ಚಿಕ್ಕಂದಿನಲ್ಲೇ ಓದಿಬಿಡ್ತಿದ್ದೆ” ಎಂದ ಹೆಂಡತಿಗೆ.

“ಓದಿದ್ದಕ್ಕೆ ಸನ್ಮಾನಾನಾ?” ಎಂದು ಅವಳು ಹುಬ್ಬೇರಿಸಿದಳು. ಲೋಕ ಕೆಟ್ಟಿದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಈ ದಿಕ್ಕಿನಲ್ಲಿ ಕೆಟ್ಟಿದೆಯೆಂದು ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮಾವ. ಹೆಂಡತಿಯ ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ನಿವೃತ್ತರಾದವರು. ಮಾತು ಬಹಳ ಕಮ್ಮಿ. ಮದುವೆಯಾದಾಗಿನಿಂದ ಅಳಿಯನ ಜೊತೆ ಅವರು ಆಡಿದ್ದು ‘ಬಂದ್ರಾ’, ‘ಊಟ ಆಯ್ತಾ’, ‘ಹೊರಟ್ರಾ’, ಈ ಮೂರೇ. ಅವರು ಕೈಯ ಚೀಲ ಕೆಳಗಿಟ್ಟು ಶೂರಪ್ಪನ ಎರಡೂ ಕೈ ಹಿಡಿದುಕೊಂಡರು.

“ಅಳಿಯಂದಿರೇ, ಬಸ್ಸಲ್ಲಿ ನಿಮ್ಮ ಬೀದಿಯವರೊಬ್ಬರು ಸಿಕ್ಕಿ ಹೇಳಿದ್ರು. ನಲವತ್ತು ವರ್ಷ ಕಂಡೋರ ಪುಸ್ತಕಕ್ಕೆ ಮೊಳೆ ಜೋಡಿಸಿದೆ. ನಮ್ಮ ಮನೆಯವರು ಬರೆದಿದ್ದು ಅಂತ ಒಂದು ಪುಸ್ತಕಾನೂ ಈ ಕೈಗೆ ಬರಲಿಲ್ಲ. ಈಗ ನೀವು ಬರೆದ್ರಿ.”

ತಾರಸಿ, ತಕ್ಕಡಿ, ಹತ್ತು ದಿನದ ರಜೆ, ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಬಂದು ಶೂರಪ್ಪನ ತಲೆಯಲ್ಲಿ ನಿಂತವು.

“ಎಲ್ಲಿ, ಪುಸ್ತಕ ತೋರಿಸಿ” ಎಂದರು ಮಾವ.

“ಅದು, ಅದು ಲೈಬ್ರರಿದು ಅಪ್ಪ” ಎಂದಳು ಮಗಳು. ಅದು ಸುಳ್ಳಂತೂ ಅಲ್ಲ.

“ಆಗಲೇ ಲೈಬ್ರರಿಗೂ ಹೋಯ್ತಾ” ಎಂದು ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

ಗಂಡ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದರು.

“ಹೇಳಿಬಿಡಿ ರೀ.”

“ನಿಮ್ಮಪ್ಪ. ನೀನೇ ಹೇಳು.”

“ಸುಳ್ಳು ನಿಮ್ಮದು.”

“ನಾನೆಲ್ಲಿ ಸುಳ್ಳು ಹೇಳಿದೆ? ಎಲ್ಲರ ಹತ್ರಾನೂ ನಿಜಾನೇ ಹೇಳಿದೀನಿ, ಅದೇ ತೊಂದರೆ ಆಗಿರೋದು.”

ಹೊರಗೆ ಮಾವ ಹಾಡು ಗುನುಗುವುದು ಕೇಳಿಸಿತು. ಅಪ್ಪ ಹಾಡುವುದನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಲ್ಲಿ ನಿಲ್ಲಿಸಿ, ಇಬ್ಬರೂ ಏನೂ ಹೇಳದೆ ಊಟಕ್ಕೆ ಬಡಿಸಿದರು.

ಶನಿವಾರ ಸಂಜೆ ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ತಕ್ಕಡಿ, ತೂಕದ ಬಟ್ಟುಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಟೈಲರಕ್ಕ ಇದ್ದಳು, ದಿನಸಿ ಅಂಗಡಿಯವನಿದ್ದ, ಓನರು ಎರಡು ಕುರ್ಚಿ ಹಿಡಿದು ಕೂತಿದ್ದರು. ಲೈಬ್ರರಿ ಮೇಡಂ ಕೂಡ ಬಂದಿದ್ದರು. ಅವರಿಗೆ ಮಾತ್ರ ಅಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಒಬ್ಬ ಆ ಕಪಾಟು ಮುಟ್ಟಿದ್ದಕ್ಕೆ ಸನ್ಮಾನ ಮಾಡುತ್ತಿದ್ದಾರೆ, ಮಾಡಬೇಕಾದದ್ದೇ ಎಂದುಕೊಂಡಿದ್ದರು. ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಮಾವ, ಪಕ್ಕದಲ್ಲಿ ಮಗಳು.

ಸಾಹೇಬರು ಮಹಡಿಯಿಂದ ಕೆಳಗಿಳಿದು ಬಂದು ಹತ್ತು ನಿಮಿಷ ಮಾತಾಡಿದರು. ತಾವು ಸಿಬ್ಬಂದಿಯನ್ನು ಎಷ್ಟು ಪ್ರೀತಿಸುತ್ತೇವೆಂಬುದನ್ನು ನಾಲ್ಕು ಸಲ ಹೇಳಿ, ಪ್ರತಿ ಸಲವೂ ಶೂರಪ್ಪನ ಮುಖ ನೋಡಿದರು. ಆಮೇಲೆ ಚೌಕಟ್ಟು ಹಾಕಿದ ಸನ್ಮಾನಪತ್ರ ಎತ್ತಿದರು. “ಪ್ರಶಸ್ತಿ ವಿಜೇತ ಕಾದಂಬರಿಯನ್ನು ಲೋಕಕ್ಕೆ ಕೊಟ್ಟ ಕೈಗಳಿಗೆ” ಎಂದು ಓದಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಾವ.

ಆ ಚಪ್ಪಾಳೆಯನ್ನು ಶೂರಪ್ಪನಿಂದ ತಡೆದುಕೊಳ್ಳಲಾಗಲಿಲ್ಲ. ಅವನು ಎಷ್ಟೇ ಗೊಂದಲದ ಮನುಷ್ಯನಾದರೂ ಸುಳ್ಳು ತಕ್ಕಡಿಗೆ ಮುದ್ರೆ ಒತ್ತಿದವನಲ್ಲ. ಪತ್ರಕ್ಕೆ ಕೈ ಚಾಚದೆ ಮೈಕಿನ ಹತ್ತಿರ ಹೋದ.

“ಎಲ್ಲರೂ ಕ್ಷಮಿಸ್ಬೇಕು. ಆ ಕಾದಂಬರಿ ನಾನು ಬರೆದಿದ್ದಲ್ಲ. ಓದ್ತಾ ಇರೋದು.”

ಓನರ ಕೈ ಸೊಂಟಕ್ಕೆ ಹೋಯಿತು, ಅಲ್ಲೇನೂ ಇರಲಿಲ್ಲ. ಸಾಹೇಬರ ಕಣ್ಣೆದುರು ಹತ್ತು ದಿನದ ರಜೆ ರೆಕ್ಕೆ ಬಿಚ್ಚಿ ಹಾರಿತು. ಟೈಲರಕ್ಕ ಮಾತ್ರ, ತಪ್ಪು ಮಷಿನ್ನಿನದು ಎಂಬಂತೆ ಗಂಭೀರವಾಗಿ ಕೂತಿದ್ದಳು. ಶೂರಪ್ಪ ಮಾವನ ಕಡೆ ನೋಡುವ ಧೈರ್ಯ ಮಾಡದೆ ಮುಂದುವರಿದ.

“ಓದಿಯೂ ಮುಗಿಸಿಲ್ಲ. ನಾಲ್ಕೈದು ದಿನದಿಂದ ಅರವತ್ತಮೂರನೇ ಪುಟದಲ್ಲೇ ನಿಂತಿದೀನಿ. ಅಲ್ಲಿ ಒಂದು ಸಾಲಿದೆ, ‘ಆ ಊರಿನಲ್ಲಿ ಹಸಿರು ಬಿಡಲು ಅಪ್ಪಣೆ ಬೇಕಿತ್ತು’ ಅಂತ. ಚಂದ್ರನ ಮೇಲೆ ಹಸಿರು ಬಿಡೋದು ಅಂದ್ರೆ ಏನು ಅಂತ ಎಷ್ಟು ಯೋಚನೆ ಮಾಡಿದ್ರೂ ತಿಳಿಲಿಲ್ಲ. ದೊಡ್ಡ ವಿಜ್ಞಾನ ಏನೋ ಇರ್ಬೇಕು. ನನ್ನ ತಲೆಗೆ ಹೋಗಲಿಲ್ಲ, ಅಷ್ಟೇ.”

“ಅದು ಹಸಿರಲ್ಲ” ಎಂದು ಯಾರೋ ಅಂದರು. “ಉಸಿರು.”

ಎಲ್ಲರೂ ತಿರುಗಿದರು. ಮಾವ ಎದ್ದು ನಿಂತಿದ್ದರು.

“ನಿಮಗೆ ಹೇಗೆ ಗೊತ್ತು ಮಾವ?”

“ಎಲ್ಲಿ, ಆ ಪುಸ್ತಕ ಕೊಡಿ.”

ಲೈಬ್ರರಿಗೆ ಹಿಂದಿರುಗಿಸಲೆಂದು ಶೂರಪ್ಪ ಅದನ್ನು ಜೋಳಿಗೆಯಲ್ಲಿ ತಂದಿದ್ದ. ಮಾವ ಅದನ್ನು ತೆರೆದು, ಅಕ್ಷರದ ಮೇಲೆ ಬೆರಳಾಡಿಸಿದರು.

“ನನ್ನ ಜೋಡಣೆ. ಇಡೀ ಪುಸ್ತಕ ನಾನು ಜೋಡಿಸಿದ್ದು. ಕಥೆ ಏನು ಅಂತ ಗೊತ್ತಿಲ್ಲ. ಮೊಳೆ ಜೋಡಿಸೋರು ಉಲ್ಟಾ ಓದ್ತೀವಿ, ಒಂದೊಂದೇ ಅಕ್ಷರ. ಕಥೆ ಗಿತೆ ತಲೆಗೆ ಹೋಗಲ್ಲ. ಆದ್ರೆ ಈ ಸಾಲು ಮರೆಯೋ ಹಾಗಿಲ್ಲ. ಇದನ್ನ ಜೋಡಿಸ್ತಿರುವಾಗ ಆಸ್ಪತ್ರೆಯಿಂದ ಸುದ್ದಿ ಬಂತು, ಮಗಳು ಹುಟ್ಟಿದಾಳೆ ಅಂತ. ಖುಷಿಗೆ ಕೈ ಪಕ್ಕದ ಖಾನೆಗೆ ಹೋಗಿ ಉ ಬದಲು ಹ ಬಂತು. ನೋಡ್ಕೊಳ್ಳದೆ ಓಡಿಬಿಟ್ಟೆ. ಆ ಪುಟಾನ ನಮ್ಮ ಮಾಲೀಕರು ಒಂದು ವರ್ಷ ಗೋಡೆಗೆ ಅಂಟಿಸಿದ್ರು, ಎಲ್ಲರೂ ನೋಡ್ಲಿ ಅಂತ.”

ಮಗಳು ಅಪ್ಪನನ್ನು ನೋಡುತ್ತಿದ್ದಳು. ಅವಳು ಹುಟ್ಟಿದ್ದು ಆ ಮನೆಯಲ್ಲಿ ಯಾರಿಗಾದರೂ ಅಷ್ಟು ಸಂತೋಷ ತಂದಿತ್ತೆಂಬುದನ್ನು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿ, “ಅಪ್ಪ, ಎಷ್ಟು ಜನರ ಮುಂದೆ ಹೇಳ್ತೀಯ” ಎಂದು ಗದರಿದಳು.

ಸಾಹೇಬರು ಕೈಯಲ್ಲಿದ್ದ ಸನ್ಮಾನಪತ್ರವನ್ನು ಮತ್ತೊಮ್ಮೆ ಓದಿಕೊಂಡರು. ‘ಲೋಕಕ್ಕೆ ಕೊಟ್ಟ ಕೈಗಳಿಗೆ’ ಎಂದಿತ್ತು. ಸಿದ್ಧವಾದ ಕಾಗದವನ್ನು ವ್ಯರ್ಥ ಮಾಡುವುದು ಯಾವ ಅಧಿಕಾರಿಗೂ ಆಗದ ಮಾತು. ವೇದಿಕೆಯಿಂದ ಇಳಿದು ಬಂದು ಅದನ್ನು ಮಾವನ ಕೈಗಿತ್ತರು. ಮಾವ ಅದನ್ನು ದೂರ ಹಿಡಿದು ನೋಡಿ, “ಎರಡನೇ ಸಾಲಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಪರವಾಗಿಲ್ಲ” ಎಂದರು. ಈ ಸಲದ ಚಪ್ಪಾಳೆಗೆ ಗೋಡೆಗೆ ಸರಿಸಿದ್ದ ತಕ್ಕಡಿಗಳೆಲ್ಲ ಅಲ್ಲಾಡಿದವು.

ಜನ ಏಳಲಿಲ್ಲ. ಟೈಲರಕ್ಕ ಕೇಳಿಯೇಬಿಟ್ಟಳು: “ಅದು ಸರಿ. ಆ ಕಿಟಕಿ ಬೀಗ ತೆಗೆದ್ರೋ ಇಲ್ವೋ?”

“ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ” ಎಂದರು ಓನರು.

“ಆ ಮೇಲೆ ತೇಲ್ತಿದ್ದ ಅಧಿಕಾರಿ ಕಥೆ ಏನಾಯ್ತು?” ಎಂದರು ಸಾಹೇಬರು, ಯಾರೋ ಬೇರೆಯವರ ಪರವಾಗಿ ಕೇಳುವವರಂತೆ.

ಶೂರಪ್ಪ ಕೈಚೆಲ್ಲಿ ಮಾವನನ್ನು ನೋಡಿದ. ಮಾವ ಕನ್ನಡಕ ಏರಿಸಿ, ಮೈಕು ಸರಿಮಾಡಿಕೊಂಡು ಅರವತ್ತಮೂರನೆಯ ಪುಟದಿಂದ ಓದತೊಡಗಿದರು. ಹಸಿರು ಎಂದಿದ್ದಲ್ಲಿ ಉಸಿರು ಎಂದು ಸ್ಪಷ್ಟವಾಗಿ ಓದಿದರು. ಅವರಿಗೆ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬೀಗ ಹಾಕಿ ಹೋಗಬೇಕೆಂದು ಆರು ಗಂಟೆಗೆ ಬಂದ ಜವಾನ ಬಾಗಿಲಿಗೆ ಒರಗಿ ನಿಂತವನು, ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತ.

ಆ ದಿನ ನೂರಾ ಹತ್ತನೆಯ ಪುಟದವರೆಗೆ ಆಯಿತು. ಉಳಿದದ್ದಕ್ಕೆ ಇನ್ನೂ ಎರಡು ಶನಿವಾರ ಹಿಡಿಯಿತು. ಕಿಟಕಿ ತೆರೆಯಿತು. ಮೇಲಧಿಕಾರಿಯ ಕಾಲಿಗೆ ಊರಿನವರು ಹಗ್ಗ ಕಟ್ಟಿ ಕೆಳಗೆಳೆದರು. ಅವನಿಗೆ ನೆಲ ಎಷ್ಟು ಹಿಡಿಸಿತೆಂದರೆ ಮತ್ತೆ ಮೇಲೆ ಹೋಗಲೊಲ್ಲೆನೆಂದ. ಆ ಪುಟವನ್ನು ಸಾಹೇಬರು ಎರಡು ಸಲ ಓದಿಸಿದರು. ಶೂರಪ್ಪ ಮೂರು ಶನಿವಾರವೂ ಕೊನೆಯ ಸಾಲಿನಲ್ಲಿ ಕೂತು, ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕದ ‘ಮುಗಿಯಿತು’ ಎಂಬ ಮಾತನ್ನು ಕಿವಿಯಾರೆ ಕೇಳಿದ.

ಮೂರನೆಯ ಶನಿವಾರ ಅವನು ಮಾವನನ್ನು ಬಸ್ಸಿಗೆ ಬಿಡಲು ಹೋದ. ಬಸ್ಸು ಬಂದು, ಹತ್ತಿ, ಕಿಟಕಿಯ ಪಕ್ಕ ಕೂತ ಮೇಲೆ ಮಾವ ಅಳಿಯನನ್ನು ಹತ್ತಿರ ಕರೆದರು.

“ಅಳಿಯಂದಿರೇ, ಆ ಪಟ್ಟಿಯಲ್ಲಿ ಎರಡನೇದು ಎಷ್ಟು ಪುಟದ್ದು?”

“ನೂರಾ ಇಪ್ಪತ್ತು ಮಾವ. ಸಣ್ಣದು.”

ಬಸ್ಸು ಹೊರಟಿತು.

“ಅದು ಆಮೇಲಿರಲಿ” ಎಂದು ಅವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. “ಇರೋದ್ರಲ್ಲೇ ದಪ್ಪಗಿರೋದು ತಗೊಂಡ್ಬನ್ನಿ.”